ಅಂಜೂರದ ಕ್ರಂಬಲ್ ಮತ್ತು ಒಲೆಗೆ ಹಚ್ಚಿದ ವಿಭೂತಿ

ಬೇಕಿಂಗ್ ಕೆಲಸಕ್ಕೆ ಹೊಸದಾಗಿ ಸೇರಿದವರು ಕೆಲವರು ಈಗಲೂ ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ಅತ್ಯಂತ ಕಷ್ಟದ ತಿನಿಸು ಯಾವುದು ಎಂದು ಕೇಳುತ್ತಾರೆ. ನನಗೆ ಅತ್ಯಂತ ಸುಲಭದ್ದು ಯಾವುದು ಎಂದು ಮಾತ್ರ ಗೊತ್ತು. ಅದು ಕ್ರಂಬಲ್. ಹಣ್ಣು ಹೆಚ್ಚಿ ತಟ್ಟೆಗೆ ಹಾಕಬೇಕು, ಹಿಟ್ಟು, ಬೆಣ್ಣೆ, ಬೆಲ್ಲವನ್ನು ಬೆರಳ ತುದಿಯಲ್ಲಿ ಉಜ್ಜಿ ಪುಡಿಪುಡಿ ಮಾಡಿ ಮೇಲೆ ಉದುರಿಸಬೇಕು, ಒಲೆಗಿಡಬೇಕು. ಲಟ್ಟಿಸುವ ಕೆಲಸವಿಲ್ಲ, ಹಿಟ್ಟು ಉಬ್ಬಲು ಕಾಯುವುದೂ ಇಲ್ಲ. ನನ್ನ ಇಷ್ಟು ವರ್ಷದ ಅಡುಗೆಮನೆಯ ಬದುಕಿನಲ್ಲಿ ಕಣ್ಣೆದುರು ಒಬ್ಬರ ಜೀವ ಹೋಗುವಂತಾದದ್ದು ಒಂದೇ ಸಲ, ಅದೂ ಈ ಸುಲಭದ ತಿನಿಸನ್ನು ಒಲೆಗಿಡುವಾಗ. ಆ ಬೆಳಗಿನ ಎರಡು ಮೂರು ಕ್ಷಣಗಳು ನನ್ನ ತಲೆಯಲ್ಲಿ ಇವತ್ತಿಗೂ ಮತ್ತೆ ಮತ್ತೆ ನಡೆಯುತ್ತವೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಿಎಸ್ಸಿ ಓದಿದವನು, ರಸಾಯನಶಾಸ್ತ್ರ. ಓದಿದ್ದಕ್ಕೆ ತಕ್ಕ ಕೆಲಸ ಸಿಗಲಿಲ್ಲ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಒಂದು ಹೋಟೆಲಿನಲ್ಲಿ ಇಂಗ್ಲಿಷ್ ಬಲ್ಲವನೊಬ್ಬ ಬೇಕಾಗಿದ್ದ. ಸೇರಿಕೊಂಡೆ. ಮೊದಲು ಅತಿಥಿಗಳಿಗೆ ಊಟದ ಪಟ್ಟಿ ವಿವರಿಸುತ್ತಿದ್ದೆ, ಆಮೇಲೆ ಬೇಕರಿ ವಿಭಾಗ ನೋಡಿಕೊಳ್ಳತೊಡಗಿದೆ. ಹೋಟೆಲಿನ ಧಣಿ ಒಂದು ಸಲ ಬಿಟ್ಟರೆ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನಪಾ ಬಿಎಸ್ಸಿ" ಅನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ಕೊನೆಯವರೆಗೂ ತಿಳಿಯಲಿಲ್ಲ.

ಬೇಕರಿಯಲ್ಲಿ ನಿಜವಾದ ಕೆಲಸ ಮಾಡುತ್ತಿದ್ದವರು ಗೌರಕ್ಕ. ಬುಕ್ಕಸಾಗರದವರು. ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಿದ್ದರು. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತಿದವರಲ್ಲ, ಆದರೆ ಹಿಟ್ಟು ಮುಟ್ಟಿದರೆ ಅದಕ್ಕೆ ಎಷ್ಟು ನೀರು ಬೇಕೆಂದು ಹೇಳುತ್ತಿದ್ದರು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ, ಅವರು ನನ್ನನ್ನು ಅಣ್ಣಾರು ಅನ್ನುತ್ತಿದ್ದರು. ಯಾರು ದೊಡ್ಡವರು ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ದಸರಾ ಹತ್ತಿರವಾದಂತೆ ಹಂಪಿಗೆ ಹೊರದೇಶದವರು ಬರತೊಡಗುತ್ತಾರೆ. ಅವರ ಊರುಗಳಲ್ಲಿ ಆಗ ಎಲೆ ಉದುರುವ ಕಾಲ. ಒಮ್ಮೆ ವಯಸ್ಸಾದ ಹೆಂಗಸೊಬ್ಬರು ಅಡುಗೆಮನೆಯ ಬಾಗಿಲಿಗೇ ಬಂದು, ಈ ಹೊತ್ತಿಗೆ ತಮ್ಮ ಮನೆಯಲ್ಲಿ ಸೇಬಿನ ಕ್ರಂಬಲ್ ಆಗಿರುತ್ತಿತ್ತು ಎಂದು ಹೇಳಿ, ಮಾಡುವ ಬಗೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ನಾನು ಓದಿ ಹೇಳಿದೆ. ಗೌರಕ್ಕ ಸೊಂಟದ ಮೇಲೆ ಕೈಯಿಟ್ಟು ಕೇಳಿದರು.

"ಇಷ್ಟ ಏನ್ರಿ? ಇದಕ್ಕ ಚೀಟಿ ಯಾಕ ಬೇಕಿತ್ತು?"

"ಸೇಬು ತರಿಸಬೇಕು ಅಕ್ಕ."

"ಸೇಬು ಯಾಕ್ರಿ? ಅದು ಲಾರಿಯಾಗ ಕುಂತು ಕುಂತು ರುಚಿನ ಮರ್ತಿರ್ತೈತಿ. ನಮ್ಮ ಕಡೆ ಹಣ್ಣಿಗೆ ಏನ್ ಬರ ಬಂದೈತಿ?"

ಆ ಮಾತಿನಿಂದ ನನ್ನ ಕುತೂಹಲ ಕೆರಳಿತು. ಆ ವರ್ಷವೆಲ್ಲ ಸಿಕ್ಕ ಹಣ್ಣುಗಳನ್ನೆಲ್ಲ ಒಲೆಗಿಟ್ಟು ನೋಡಿದೆವು. ಕಂಪ್ಲಿ ಕಡೆಯ ಬಾಳೆಹಣ್ಣು ಚೆನ್ನಾಗಿತ್ತು, ಆದರೆ ಮೆತ್ತಗಾಗಿ ಹಲ್ಲಿಗೆ ಕೆಲಸವೇ ಇರಲಿಲ್ಲ. ಪಪ್ಪಾಯಿ ನೀರು ಬಿಟ್ಟು ಮೇಲಿನ ಪುಡಿಯನ್ನೆಲ್ಲ ಮುಳುಗಿಸಿತು. ಪೇರಲದ ಬೀಜ ತೆಗೆದು ಅಂಜೂರದ ಜೊತೆ ಹಾಕಿದಾಗ ಮಾತ್ರ ಇಬ್ಬರೂ ಎರಡನೇ ಚಮಚಕ್ಕೆ ಕೈ ಹಾಕಿದೆವು. ಅಂಜೂರ ಸಿಹಿ, ಪೇರಲ ಸ್ವಲ್ಪ ಒಗರು, ಮೇಲೆ ಎರಡು ಹನಿ ನಿಂಬೆರಸ.

ಮೇಲಿನ ಪುಡಿಯೇ ತೊಂದರೆ ಕೊಟ್ಟದ್ದು. ಗೋಧಿಹಿಟ್ಟಿನಲ್ಲಿ ಮಾಡಿದರೆ ಗಟ್ಟಿ ಹೆಂಚಿನಂತಾಗುತ್ತಿತ್ತು. ನಾನು ಬೆಣ್ಣೆ ಹೆಚ್ಚಿಸಿ ನೋಡಿದೆ, ಬೆಲ್ಲ ಕಡಿಮೆ ಮಾಡಿ ನೋಡಿದೆ. ಗೌರಕ್ಕ ನಾಲ್ಕು ದಿನ ಸುಮ್ಮನೆ ನೋಡುತ್ತಿದ್ದು ಐದನೇ ದಿನ ಹೇಳಿದರು. "ಜ್ವಾಳದ ಹಿಟ್ಟು ತಾನಾಗೇ ಕೂಡಾಂಗಿಲ್ಲ. ಅದಕ್ಕ ಬಿಸಿನೀರು ಹಾಕಿ, ನಾದಿ, ಬಡದು ರೊಟ್ಟಿ ಮಾಡ್ತೀವಿ. ಈ ತಿನಿಸು ಕೂಡಬಾರದು ಅಂತೀರಿ. ಹಂಗಾದ್ರ ಜ್ವಾಳ ಹಾಕ್ರಿ, ಉದುರ್ಲಿ." ಅರ್ಧ ಗೋಧಿ, ಅರ್ಧ ಜೋಳ, ಒಂದು ಹಿಡಿ ತರಿತರಿಯಾಗಿ ಕುಟ್ಟಿದ ಶೇಂಗಾ. ಮುಗಿಯಿತು. ಗೋಧಿಯಲ್ಲಿ ಎಳೆಯಾಗಿ ಹಿಡಿದುಕೊಳ್ಳುವ ಅಂಟು ಇದೆ, ಜೋಳದಲ್ಲಿ ಇಲ್ಲ ಎಂದು ನನಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಆದರೆ ಆ ಪಾಠ ಅಡುಗೆಮನೆಯವರೆಗೆ ನಡೆದು ಬಂದಿರಲಿಲ್ಲ.

ಬೆಣ್ಣೆಯ ಸಂಗತಿಯೂ ಹೀಗೆ. ಅದು ತಣ್ಣಗಿದ್ದರೆ ಮಾತ್ರ ಪುಡಿಯಾಗುತ್ತದೆ. ನಮ್ಮೂರಿನ ಬಿಸಿಲಿಗೆ ಅಕ್ಟೋಬರಿನಲ್ಲೂ ಬೆರಳ ನಡುವೆ ಕರಗಿ ಹಿಟ್ಟು ಮುದ್ದೆಯಾಗುತ್ತಿತ್ತು. ಗೌರಕ್ಕ ಕುಡಿಯುವ ನೀರಿನ ಮಣ್ಣಿನ ಹರವಿಯಲ್ಲಿ ಮೊಣಕೈವರೆಗೆ ಕೈಯಿಡುತ್ತಿದ್ದರು. ನಾನು ಬೈದ ಮೇಲೆ ತಮಗಾಗಿ ಬೇರೆ ಹರವಿ ತಂದಿಟ್ಟುಕೊಂಡರು. ತಣ್ಣಗಾದ ಬೆರಳನ್ನು ಒರೆಸಿಕೊಂಡು ಉಜ್ಜಿದರೆ ಬೆಣ್ಣೆ ರವೆಯಂತೆ ಉದುರುತ್ತಿತ್ತು. ಆ ಬೆರಳುಗಳನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಅವುಗಳದ್ದೇ ಕಥೆ.

ನನ್ನ ಒಂದು ಪೆದ್ದುತನವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಂಡೂರಿನ ಗುಡ್ಡದಿಂದ ಹೆಂಗಸರು ಬುಟ್ಟಿಯಲ್ಲಿ ಸೀತಾಫಲ ತರುತ್ತಾರೆ. ಅದರ ಕ್ರಂಬಲ್ ಮಾಡಬೇಕೆಂದು ನನಗೆ ಆಸೆಯಾಯಿತು. "ಸೀತಾಫಲ ಬಿಸಿ ತಡಿಯಾಂಗಿಲ್ರಿ, ಕಹಿ ಆಗ್ತೈತಿ" ಎಂದರು ಗೌರಕ್ಕ. ಇಷ್ಟು ಸಿಹಿಯಾದ ಹಣ್ಣು ಹೇಗೆ ಕಹಿಯಾದೀತು ಎಂದು ನಾನು ಕೇಳಲಿಲ್ಲ. ಒಂದು ಇಡೀ ಟ್ರೇ ಮಾಡಿ ಅತಿಥಿಗಳ ಮುಂದಿಟ್ಟೆ. ಮೊದಲ ಚಮಚಕ್ಕೇ ಒಬ್ಬರ ಮುಖ ಸೊಟ್ಟಗಾಯಿತು. ಧಣಿ ತಾವೂ ಒಂದು ಚಮಚ ಬಾಯಿಗಿಟ್ಟು, "ಏನಪಾ ಬಿಎಸ್ಸಿ, ಇದನ್ನ ಜ್ವರಕ್ಕ ಕೊಡೂದೇನು?" ಎಂದರು. ಗೌರಕ್ಕ ಪಾತ್ರೆ ತೊಳೆಯುತ್ತ ನಗುತ್ತಿದ್ದರು, ಭುಜ ಅಲುಗುತ್ತಿದ್ದದ್ದು ಹಿಂದಿನಿಂದ ಕಾಣುತ್ತಿತ್ತು. ಅವರ ಮಾತನ್ನು ಕೇಳಬೇಕು ಎಂದು ಆ ದಿನವೇ ನಾನು ಕಲಿತಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ನಮ್ಮ ಒಲೆ ಹಳೆಯ ಕಾಲದ ಗ್ಯಾಸ್ ಓವನ್. ಈಗಿನಂತೆ ಗುಂಡಿ ಒತ್ತಿದರೆ ಹೊತ್ತಿಕೊಳ್ಳುವುದಲ್ಲ. ಒಳಗೆ ತಳದ ತಗಡಿನ ಕೆಳಗೆ ಉದ್ದನೆಯ ಒಂದು ಕಬ್ಬಿಣದ ಕೊಳವೆ, ಅದರ ಮೈಗೆ ಸಾಲಾಗಿ ಸಣ್ಣ ತೂತುಗಳು. ನಾಬ್ ತಿರುವಿ, ತಗಡಿನ ಮುಂದಿನ ಸಂದಿಯಿಂದ ಕೊಳವೆಯ ತುದಿಗೆ ಬೆಂಕಿಕಡ್ಡಿ ಹಿಡಿದರೆ ಮೊದಲ ತೂತು ಹೊತ್ತಿ, ಅಲ್ಲಿಂದ ಒಂದೊಂದಾಗಿ ಹಿಂದಿನವರೆಗೆ ನೀಲಿ ಜ್ವಾಲೆ ಓಡುತ್ತಿತ್ತು. ಅದನ್ನು ನೋಡುವುದೇ ನನಗೆ ಖುಷಿ.

ಮಹಾನವಮಿಯ ದಿನ ಆಯುಧಪೂಜೆ. ನಮ್ಮ ಕಡೆ ಅವತ್ತು ಯಂತ್ರಗಳಿಗೆಲ್ಲ ಬಿಡುವು. ಅಕ್ಕಿ ಗಿರಣಿ, ಟ್ರ್ಯಾಕ್ಟರ್, ತಕ್ಕಡಿ, ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ನಮ್ಮ ಒಲೆಗೂ ಹಾಗೆಯೇ. ಚೀಟಿ ಬಂದ ಮರುವರ್ಷ ಗೌರಕ್ಕ ಒಲೆಯನ್ನು ತಿಕ್ಕಿ ತೊಳೆದು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಬಾಗಿಲಿನ ಮೇಲೆ ಮೂರು ಬೆರಳಲ್ಲಿ ಪಟ್ಟೆ ಎಳೆದರು. ತೊಳೆಯಲೆಂದು ತೆಗೆದಿದ್ದ ತಳದ ತಗಡು ಪಕ್ಕದಲ್ಲೇ ಇತ್ತು, ಕೊಳವೆ ಬಯಲಾಗಿತ್ತು. ನನಗೆ ಒಂದು ಯೋಚನೆ ಬಂತು.

"ಅಕ್ಕ, ಬಾಗಿಲಿಗೆ ಹಚ್ಚಿದರೇನು ಬಂತು? ಬೆಂಕಿ ಹುಟ್ಟೋದು ಇಲ್ಲಿ. ಪೂಜೆ ಇದಕ್ಕಲ್ಲವಾ ಆಗಬೇಕು?"

"ಅದಕ್ಕ ಬ್ಯಾಡ್ರಿ ಅಣ್ಣಾರ. ಅದು ಉಸಿರಾಡೋ ಜಾಗ."

ನಾನು ನಕ್ಕೆ. ತೇಯ್ದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಕೊಳವೆಯ ಮುಂದಿನ ತುದಿಗೆ ದಪ್ಪಗೆ ಬಳಿದೆ. ನಡುವೆ ಒಂದು ಕುಂಕುಮದ ಬೊಟ್ಟು. ಚೆನ್ನಾಗಿ ಕಂಡಿತು. ತಗಡು ಮುಚ್ಚಿದೆ. ನಿಂಬೆಹಣ್ಣು ಕೊಯ್ದೆವು, ಮಂಗಳಾರತಿ ಮಾಡಿದೆವು. ಮರುದಿನ ವಿಜಯದಶಮಿ, ಬನ್ನಿ ಕೊಟ್ಟು ತೆಗೆದುಕೊಳ್ಳುವ ಗಡಿಬಿಡಿ. ಅವತ್ತೂ ಒಲೆ ಹಚ್ಚಲಿಲ್ಲ. ಎರಡು ದಿನ ಅಲ್ಲಿ ಏನು ಒಣಗುತ್ತಿತ್ತು ಎಂದು ಯಾರ ತಲೆಗೂ ಬರಲಿಲ್ಲ.

ಮೂರನೇ ಬೆಳಿಗ್ಗೆ ಒಂದು ದೊಡ್ಡ ತಂಡಕ್ಕೆ ಕ್ರಂಬಲ್ ಬೇಕಿತ್ತು. ಅಂಜೂರ, ಪೇರಲ ಹೆಚ್ಚಿ, ಪುಡಿ ಉದುರಿಸಿ, ಟ್ರೇ ತಯಾರಾಗಿತ್ತು. ಗೌರಕ್ಕನಿಗೆ ಒಂದು ರೂಢಿ. ಪೂಜೆಯ ನಂತರದ ಮೊದಲ ಟ್ರೇಯನ್ನು ಒಲೆಗೆ ತೋರಿಸಿ ಒಳಗಿಡುತ್ತಿದ್ದರು, ದೇವರಿಗೆ ನೈವೇದ್ಯ ತೋರಿಸಿದ ಹಾಗೆ. ಅದಕ್ಕಾಗಿ ಎಡಗೈಯಲ್ಲಿ ಟ್ರೇಯನ್ನು ಗದ್ದದ ಮಟ್ಟಕ್ಕೆ ಎತ್ತಿ ಹಿಡಿದುಕೊಂಡೇ ಕುಕ್ಕರಗಾಲಲ್ಲಿ ಕುಳಿತು, ಬಾಗಿಲು ತೆರೆದರು. ನಾನು ನಾಬ್ ತಿರುವಿದೆ. ಅವರು ಬಲಗೈಯಲ್ಲಿ ಕಡ್ಡಿ ಹಿಡಿದರು. ಹೊತ್ತಲಿಲ್ಲ. ಕಡ್ಡಿ ಬೆರಳವರೆಗೆ ಉರಿದು ಆರಿತು.

"ಗ್ಯಾಸ್ ಖಾಲಿ ಆಗೇತೇನು ನೋಡ್ರಿ."

ಖಾಲಿಯಾಗಿರಲಿಲ್ಲ. ನನಗೆ ವಾಸನೆ ಬರುತ್ತಿತ್ತು. ಸ್ಪಷ್ಟವಾಗಿ ಬರುತ್ತಿತ್ತು. ನಾನು ನಾಬ್ ಮುಚ್ಚಬೇಕಿತ್ತು, ಕಿಟಕಿ ತೆರೆಯಬೇಕಿತ್ತು. ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದದ್ದು ಇಷ್ಟು: "ಇನ್ನೊಂದು ಕಡ್ಡಿ ಗೀರು ಅಕ್ಕ, ಸ್ವಲ್ಪ ಒಳಗೆ ಹಿಡಿ."

ಅವರು ಪೆಟ್ಟಿಗೆಯಿಂದ ಇನ್ನೊಂದು ಕಡ್ಡಿ ತೆಗೆದರು. ಪೆಟ್ಟಿಗೆಯನ್ನು ಎಡಗೈ ಹೆಬ್ಬೆರಳಿನಿಂದ ಟ್ರೇಯ ಅಂಚಿಗೆ ಒತ್ತಿ ಹಿಡಿದು ಗೀರಿ, ಒಲೆಯೊಳಗೆ ಚಾಚಿದರು.

ಸದ್ದು ದೊಡ್ಡದಾಗಿರಲಿಲ್ಲ. ಒದ್ದೆ ಕಂಬಳಿಯನ್ನು ಜೋರಾಗಿ ಕೊಡವಿದ ಹಾಗೆ. ಒಲೆಯ ಬಾಯಿಂದ ನೀಲಿ ಹಾಳೆಯೊಂದು ನೀರಿನಂತೆ ಹರಿದು ಹೊರಬಂತು, ಹೊರಬರುತ್ತಲೇ ಹಳದಿಯಾಯಿತು. ಆ ಬಣ್ಣ ಬದಲಾದದ್ದು ನನ್ನ ಕಣ್ಣಿಗೆ ಬಿತ್ತು ಎಂಬುದೇ ನನಗೆ ಆಶ್ಚರ್ಯ. ಅಷ್ಟು ಸಣ್ಣ ಹೊತ್ತಿನಲ್ಲಿ ಮನುಷ್ಯ ಎಷ್ಟೆಲ್ಲ ನೋಡುತ್ತಾನೆ, ಆದರೆ ಕಾಲು ಮಾತ್ರ ಕದಲುವುದಿಲ್ಲ. ಗೌರಕ್ಕ ಹಿಂದಕ್ಕೆ ಬಿದ್ದಿದ್ದರು. ಟ್ರೇ ಅವರ ಮುಖದ ಮುಂದೆಯೇ ಇತ್ತು. ಅಂಜೂರದ ಹೋಳು, ಜೋಳದ ಪುಡಿ ಅವರ ತಲೆಯ ಮೇಲೆಲ್ಲ. ನಾನು ನಾಬ್ ಮುಚ್ಚಿದೆ. ಅದೊಂದು ಮಾಡಿದೆ.

ಟ್ರೇ ಅಡ್ಡವಿದ್ದುದರಿಂದ ಮುಖ ಉಳಿಯಿತು. ಹುಬ್ಬು, ಹಣೆಯ ಮೇಲಿನ ಕೂದಲು ಸುಟ್ಟಿದ್ದವು. ಬಲಗೈ, ಬೆರಳಿನಿಂದ ಮಣಿಕಟ್ಟಿನವರೆಗೆ, ನೋಡಲಾಗುವಂತೆ ಇರಲಿಲ್ಲ. ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ಯುವಾಗ ಕಾರಿನಲ್ಲಿ ಅವರು ಒಮ್ಮೆಯೂ ಅಳಲಿಲ್ಲ. ಬೆರಳು ಮಡಚಲು ಬರುತ್ತದೋ ಇಲ್ಲವೋ ಗಾಯ ಆರಿದ ಮೇಲೆ ನೋಡಬೇಕು ಎಂದರು ಡಾಕ್ಟರು.

ಹೋಟೆಲಿಗೆ ಮರಳುವಷ್ಟರಲ್ಲಿ ಅಲ್ಲೊಂದು ಕಾರಣ ತಯಾರಾಗಿತ್ತು. "ಗ್ಯಾಸ್ ಬಿಟ್ಟು ಮಾತಾಡ್ಕೋಂತ ಕುಂತಿರ್ತಾಳ. ವಯಸ್ಸಾತು, ಕೈ ನಿಧಾನ ಆಗೇತಿ. ಇನ್ನ ಆಕಿನ ಒಲಿ ಮುಂದ ಬಿಡೂದು ಬ್ಯಾಡ. ಗುಣ ಆದ ಮ್ಯಾಲೆ ಮನ್ಯಾಗ ಇರ್ಲಿ" ಎಂದರು ಧಣಿ. ನಾಬ್ ತಿರುವಿದ್ದು ನಾನು, ಮಾತಾಡಿದ್ದೂ ನಾನು. ಆ ಕ್ಷಣ ಅದನ್ನು ಹೇಳಬೇಕಿತ್ತು. ಹೇಳಲಿಲ್ಲ. ಕಾರಣ ಏನೆಂದು ಇನ್ನೂ ಗೊತ್ತಿಲ್ಲವಲ್ಲ, ಗೊತ್ತಾಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ದಿನ ಹಾಗೆ ಕಳೆದೆ.

ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಗ್ಯಾಸ್ ಬರುತ್ತಿತ್ತು, ಕಡ್ಡಿ ಉರಿಯುತ್ತಿತ್ತು, ಆದರೂ ಮೊದಲ ಸಲ ಏಕೆ ಹೊತ್ತಲಿಲ್ಲ? ಒಲೆ ರಿಪೇರಿಗೆ ಸಂಡೂರಿನಿಂದ ಹುಸೇನ್ ಸಾಬ್ ಬಂದರು. ಗಣಿಯ ಕ್ಯಾಂಟೀನುಗಳ ಒಲೆಗಳನ್ನೆಲ್ಲ ಬಿಚ್ಚಿ ಜೋಡಿಸಿ ಪಳಗಿದವರು. ಕೊಳವೆ ಹಳೆಯದಾಗಿದೆ, ಹೊಸದು ಹಾಕೋಣ ಎಂದು ಬಿಚ್ಚಿ ಪಕ್ಕಕ್ಕಿಟ್ಟರು.

"ಎಸಿಬ್ಯಾಡ್ರಿ ಸಾಬ್ರ. ಒಮ್ಮೆ ಹಿತ್ತಲಲ್ಲಿ ಹಚ್ಚಿ ನೋಡೋಣ" ಎಂದೆ.

"ಏನ್ ನೋಡ್ತೀರಿ ಅದರಾಗ? ಸತ್ತದ್ದರ ನಾಡಿ ಹಿಡಿತೀರೇನು?"

ಹಾಗೆಂದರೂ ಬಯಲಿನಲ್ಲಿ ಕೊಳವೆಗೆ ಗ್ಯಾಸ್ ಜೋಡಿಸಿ, ದೂರ ನಿಂತು, ಉದ್ದನೆಯ ಕೋಲಿನ ತುದಿಗೆ ಬಟ್ಟೆ ಸುತ್ತಿ ಬೆಂಕಿ ಹಿಡಿದರು. ಮುಂದಿನ ತುದಿ ಹೊತ್ತಲಿಲ್ಲ. ಕೋಲನ್ನು ನಿಧಾನಕ್ಕೆ ಹಿಂದಕ್ಕೆ ಸರಿಸಿದಾಗ, ಅರ್ಧಕ್ಕೆ ಬಂದ ಮೇಲೆ, ಫಕ್ಕನೆ ನೀಲಿ ಸಾಲು ಎದ್ದಿತು. ಮುಂದಿನ ತೂತುಗಳೆಲ್ಲ ಕುರುಡು. ಆರಿಸಿ, ತಣ್ಣಗಾದ ಮೇಲೆ ಸಾಬ್ ಒಂದು ಸೂಜಿಯಿಂದ ಕೆದಕಿದರು. ತೂತಿನಿಂದ ಬಿಳಿಯ ಗಟ್ಟಿ ಚೂರು ಉದುರಿತು.

"ಇದೇನ್ರಿ, ಸುಣ್ಣ?"

ಅಂಗೈಯಲ್ಲಿ ಉಜ್ಜಿದೆ. ನುಣ್ಣಗೆ ಪುಡಿಯಾಯಿತು. ಮುಂದಿನ ತೂತಿನದಕ್ಕೆ ಕೆಂಪು ಅಂಟಿತ್ತು. ನನ್ನ ಕುಂಕುಮದ ಬೊಟ್ಟು.

ಗ್ಯಾಸ್ ಹಿಂದಿನ ತೂತುಗಳಿಂದ ಹೊರಬಂದು ತಗಡಿನ ಕೆಳಗೆ ತುಂಬುತ್ತಿತ್ತು. ಕಡ್ಡಿ ಮುಂದೆ ಸುಮ್ಮನೆ ಉರಿಯುತ್ತಿತ್ತು. ಇನ್ನೊಂದು ಕಡ್ಡಿಯನ್ನು ಒಳಗೆ ಹಿಡಿ ಎಂದು ನಾನು ಹೇಳಿದಾಗ ಅವೆರಡೂ ಭೇಟಿಯಾದವು. ರಸಾಯನಶಾಸ್ತ್ರದ ಮೊದಲ ವರ್ಷದ ಪಾಠವಿದು.

ಸಾಬ್ ನನ್ನ ಮುಖ ನೋಡಿ ಎಲ್ಲ ತಿಳಿದವರಂತೆ, "ಹೇಳೂದಾದ್ರ ಇವತ್ತ ಹೇಳ್ರಿ. ನಾಳೆ ನಾನು ಹೊಸಾದು ಹಾಕಿ ಹೋದ್ರ ಇದು ಗುಜರಿ" ಎಂದರು.

ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡೇ ಧಣಿಯ ಕೋಣೆಗೆ ಹೋದೆ. ಅವರು ಸೂಜಿಯಿಂದ ತಾವೂ ಕೆದಕಿ ನೋಡಿದರು.

"ವಿಭೂತಿ. ಮತ್ತ ಪೂಜಿ ಮಾಡಿದಾಕಿ ಆಕಿನ ಅಲ್ಲಪಾ?"

ಇಲ್ಲಿ ಸುಮ್ಮನಿದ್ದರೆ ಸಾಕಿತ್ತು. ತಪ್ಪು ತಾನಾಗಿಯೇ ಗೌರಕ್ಕನ ಹೆಗಲಿಗೆ ಹೋಗಿ ಕೂರುತ್ತಿತ್ತು. ಅಷ್ಟು ಹತ್ತಿರವಿತ್ತು ಅದು. ಈಗಲೂ ಜ್ವಾಲೆಯಷ್ಟೇ ಆ ಕ್ಷಣವೂ ನನ್ನನ್ನು ಬೆಚ್ಚಿಸುತ್ತದೆ.

"ಅವರು ಹಚ್ಚಿದ್ದು ಬಾಗಿಲಿಗೆ. ಇದಕ್ಕೆ ಹಚ್ಚಿದ್ದು ನಾನು. ಬ್ಯಾಡ ಅಂದಿದ್ದರು. ಎರಡನೇ ಕಡ್ಡಿ ಗೀರು ಅಂದದ್ದೂ ನಾನೇ."

ಧಣಿ ಕೊಳವೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೊದಲ ಸಲ ನನ್ನನ್ನು ಬಿಎಸ್ಸಿ ಅನ್ನದೆ ಹೆಸರು ಹಿಡಿದು ಕರೆದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. "ಆಕಿ ಕೈ ಗುಣ ಆಗೂತನಕ ಆಕಿ ಜಾಗ ಯಾರಿಗೂ ಇಲ್ಲ. ಅಲ್ಲೀತನಕ ನೀ ಕಡ್ಡಿಪೆಟ್ಟಿಗಿ ಮುಟ್ಟಬ್ಯಾಡ" ಎಂದರು.

ಆ ಸಂಜೆಯೇ ಬುಕ್ಕಸಾಗರಕ್ಕೆ ಹೋದೆ. ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಗೌರಕ್ಕ ಕಟ್ಟೆಯ ಮೇಲೆ ಕುಳಿತು, ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡಿದ್ದರು. ಹುಬ್ಬಿಲ್ಲದ ಮುಖದಲ್ಲಿ ಸದಾ ಏನನ್ನೋ ಕೇಳುತ್ತಿರುವಂಥ ನೋಟ.

"ಕುಂದ್ರಿ ಅಣ್ಣಾರ. ಅವತ್ತಿನ ಮಂದಿಗೆ ಏನ್ ಕೊಟ್ರಿ?"

"ಬಾಳೆಹಣ್ಣು, ಬೆಲ್ಲ."

"ಅಯ್ಯ, ಅಷ್ಟ ಚಂದ ಪುಡಿ ಆಗಿತ್ತು ಅವತ್ತು."

ನಾನು ಎಲ್ಲ ಹೇಳಿದೆ. ತೂತು, ಸೂಜಿ, ಕುಂಕುಮ, ಧಣಿಯ ಕೋಣೆ, ಮೊದಲ ಮೂರು ದಿನ ಸುಮ್ಮನಿದ್ದದ್ದು. ಅವರು ಎಡಗೈಯಿಂದ ನೊಣ ಓಡಿಸುತ್ತ ಕೇಳಿಸಿಕೊಂಡರು.

"ನನಗ ಗೊತ್ತಿತ್ರಿ."

"ಯಾವಾಗಿಂದ?"

"ಆಸ್ಪತ್ರ್ಯಾಗ ಮಲಗಿದಾಗ ಬ್ಯಾರೆ ಏನ್ ಕೆಲಸ ಇತ್ತು? ಕುಂತು ನೆನಸ್ದೆ, ಹೊಳೀತು. ನೀವ ಹೇಳ್ತೀರೋ ಇಲ್ಲೋ ನೋಡೂಣು ಅಂತ ಸುಮ್ಕಿದ್ದೆ."

"ಹೇಳದೇ ಇದ್ದಿದ್ರೆ?"

"ಇದ್ದಿದ್ರ ಈಗ ಚಾ ಕೊಡ್ತಿದ್ದಿಲ್ಲ" ಎಂದು ಸೊಸೆಯನ್ನು ಕೂಗಿದರು.

ಕೈ ಗುಣವಾಗಲು ಬೇಸಿಗೆಯವರೆಗೆ ಹಿಡಿಯಿತು. ಕಿರುಬೆರಳು ಪೂರ್ತಿ ಮಡಚುವುದಿಲ್ಲ. ಉಳಿದವು ಮಡಚುತ್ತವೆ. ಹೊಸ ಚರ್ಮಕ್ಕೆ ಬಿಸಿ ತಾಗುವುದಿಲ್ಲ, ತಣ್ಣಗಿನದು ಚೆನ್ನಾಗಿ ಗೊತ್ತಾಗುತ್ತದೆ ಎಂದು ಅವರೇ ಹೇಳುತ್ತಿದ್ದರು. ಬೆಣ್ಣೆ ಉಜ್ಜಲು ಮೊದಲಿಗಿಂತ ಒಳ್ಳೆಯದಾಯಿತಂತೆ. ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ, ಪರೀಕ್ಷಿಸಿ ನೋಡುವ ಧೈರ್ಯ ನನಗಾಗಲಿಲ್ಲ.

ಒಂದು ಸಂಗತಿ ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಪೂಜೆ ಮಾಡದಿದ್ದರೆ ಒಲೆ ಸಿಡಿಯುತ್ತಿರಲಿಲ್ಲ. ಪೂಜೆಯ ರೂಢಿಯಿಂದ ಟ್ರೇ ಎತ್ತಿ ಹಿಡಿಯದಿದ್ದರೆ ಕಣ್ಣು ಉಳಿಯುತ್ತಿರಲಿಲ್ಲ. ಕೆಲವರು ಇದರಿಂದ ಒಂದು ತೀರ್ಮಾನಕ್ಕೆ ಬರುತ್ತಾರೆ, ಕೆಲವರು ಇನ್ನೊಂದಕ್ಕೆ. ನಾನು ಎರಡೂ ಕಡೆ ಹೋಗಿ ನೋಡಿ ವಾಪಸು ಬಂದಿದ್ದೇನೆ. ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟೇ: ಮೊದಲು ಕಡ್ಡಿ, ಆಮೇಲೆ ನಾಬ್. ಹೊತ್ತದಿದ್ದರೆ ನಾಬ್ ಮುಚ್ಚಿ, ಕಿಟಕಿ ತೆರೆದು, ಹೊರಗೆ ಹೋಗಿ ಚಹಾ ಕುಡಿದು ಬನ್ನಿ. ನಿಮ್ಮ ಒಲೆಗಳು ಈಗ ಗುಂಡಿ ಒತ್ತಿದರೆ ಹೊತ್ತಿಕೊಳ್ಳುತ್ತವೆ. ಆದರೂ ಹೊತ್ತಿತೋ ಇಲ್ಲವೋ ಬಗ್ಗಿ ನೋಡಿ. ಪಕ್ಕದಲ್ಲಿ ಕೆಲಸ ಮಾಡುವವರು ಬ್ಯಾಡ ಅಂದರೆ, ಯಾಕೆ ಎಂದು ಒಂದು ಸಲ ಕೇಳಿ. ನಾನು ಎಲ್ಲದರ ಬಗ್ಗೆ ಕುತೂಹಲಪಟ್ಟೆ, ಆ ಒಂದು ಮಾತನ್ನು ಬಿಟ್ಟು.

ಮುಂದಿನ ಮಹಾನವಮಿಗೆ ಗೌರಕ್ಕ ಒಲೆ ತೊಳೆದರು. ವಿಭೂತಿ ತೇಯ್ದರು. ಬಾಗಿಲಿಗೆ ಮೂರು ಪಟ್ಟೆ ಎಳೆದರು, ಮಡಚದ ಕಿರುಬೆರಳು ಅಡ್ಡ ಬಂದದ್ದರಿಂದ ಒಂದು ಪಟ್ಟೆ ಸ್ವಲ್ಪ ಓರೆಯಾಯಿತು. ನಾನು ಕೈ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದೆ. ಬಟ್ಟಲಲ್ಲಿ ಇನ್ನೂ ವಿಭೂತಿ ಉಳಿದಿತ್ತು.

"ಬರ್ರಿ ಇಲ್ಲಿ" ಎಂದರು.

ಹೋದೆ. ಸುಟ್ಟು ಆರಿದ ಆ ಬೆರಳುಗಳಿಂದ ನನ್ನ ಹಣೆಗೆ ದಪ್ಪಗೆ ಬಳಿದರು, ಈ ಕಿವಿಯಿಂದ ಆ ಕಿವಿಯವರೆಗೆ.

"ಇಲ್ಲಿ ಎಷ್ಟ ಹಚ್ಚಿದ್ರೂ ಭಯ ಇಲ್ರಿ ಅಣ್ಣಾರ" ಎಂದರು. "ಇದಕ್ಕ ತೂತ ಇಲ್ಲ."